ನಾಲ್ಕನೇ ಎಲೆಯ ದಿಕ್ಕು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ಅಮ್ಮ ಅಷ್ಟಮಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುವುದನ್ನು ನೋಡುತ್ತ ಕೂತಿದ್ದಾಗ ನನಗೆ ನಾಲ್ಕು ಎಳೆಯ ಡಿಎನ್‌ಎಯ ರಚನೆ ಹೊಳೆಯಿತಂತೆ. ಕಥೆ ಚೆನ್ನಾಗಿದೆ. ಅದರಲ್ಲಿ ತಾಯಿ ಇದ್ದಾಳೆ, ಅಡುಗೆಮನೆ ಇದೆ, ವಿಜ್ಞಾನವೂ ಇದೆ, ಕೇಳಿದವರು ತಲೆದೂಗುತ್ತಾರೆ. ತೊಂದರೆ ಒಂದೇ. ನಡೆದದ್ದು ಅದಕ್ಕೆ ತೀರಾ ವಿರುದ್ಧ. ಕೊಟ್ಟೆ ನನಗೆ ದಾರಿ ತೋರಿಸಲಿಲ್ಲ, ಎರಡು ವರ್ಷಕ್ಕೂ ಹೆಚ್ಚು ಕಾಲ ದಾರಿ ತಪ್ಪಿಸಿತು. ಇತ್ತೀಚೆಗೆ ನಾನೇ ಆ ಕಥೆಯನ್ನು ಅರ್ಧ ನಂಬತೊಡಗಿದ್ದೇನೆ ಅನ್ನಿಸಿದ್ದರಿಂದ, ಪೂರ್ತಿ ನಂಬುವ ಮೊದಲು ಬರೆದಿಡುತ್ತಿದ್ದೇನೆ.

ಕೊಟ್ಟೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಕಡುಬು ಬೇಯಿಸಲಿಕ್ಕೆ ಹಲಸಿನ ಎಲೆಯಲ್ಲಿ ಮಾಡುವ ಬಟ್ಟಲು. ನಾಲ್ಕು ಎಲೆಗಳನ್ನು ಕೂಡಿಸುವ ಚಿಹ್ನೆಯ ಹಾಗೆ ಇಡುತ್ತಾರೆ, ತುದಿಗಳು ನಡುವೆ ಒಂದರ ಮೇಲೊಂದು ಬರುವಂತೆ. ತೆಂಗಿನಗರಿಯ ಕಡ್ಡಿಯಿಂದ ಚುಚ್ಚಿ ಕೂಡಿಸುತ್ತಾರೆ. ಆಮೇಲೆ ಅಕ್ಕಪಕ್ಕದ ಎಲೆಗಳ ಅಂಚನ್ನು ಎತ್ತಿ, ಒಂದರ ಅಂಚು ಮುಂದಿನದರ ಹೊರಗೆ, ಅದರ ಅಂಚು ಅದರ ಮುಂದಿನದರ ಹೊರಗೆ, ಹೀಗೆ ಸುತ್ತಲೂ ಹಿಡಿದು ಮತ್ತೆ ಕಡ್ಡಿ ಚುಚ್ಚಿದರೆ ಬಟ್ಟಲಾಯಿತು. ಅದಕ್ಕೆ ಉದ್ದು, ಅಕ್ಕಿ ತರಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಕಡ್ಡಿ ಎಳೆದು ಎಲೆ ಬಿಡಿಸಿದರೆ ಕಡುಬು ಬಟ್ಟಲಿನ ಆಕಾರದಲ್ಲೇ ಕೂತಿರುತ್ತದೆ. ಉಡುಪಿ ಕಡೆಯವರ ಮನೆಗಳಲ್ಲಿ ಅಷ್ಟಮಿಗೆ ಇದು ಇರಲೇಬೇಕು. ಮುಂಬಯಿ ಹತ್ತಿರದ ಡೊಂಬಿವ್ಲಿಯಲ್ಲಿ ಹುಟ್ಟಿ ಬೆಳೆದ ನನ್ನ ಮಟ್ಟಿಗೂ ಇರಲೇಬೇಕು. ಅಪ್ಪ ಠಾಣೆಯಲ್ಲಿ ಒಂದು ಹೋಟೆಲಿನ ಮ್ಯಾನೇಜರ್ ಆಗಿದ್ದರು. ಎಲೆ ತರುವುದು ಅವರ ಕೆಲಸವಾಗಿತ್ತು. ಅವರು ಹೋದ ಮೇಲೆ ಆ ಕೆಲಸ ನನ್ನದು. ಕಡ್ಡಿಗೆಂದು ಪ್ರತಿ ವರ್ಷ ಒಂದು ಹೊಸ ಹಿಡಿಸೂಡಿ ಕೊಳ್ಳುತ್ತೇವೆ. ಕಡ್ಡಿ ತೆಗೆದುಕೊಂಡು ಉಳಿದದ್ದರಿಂದ ವರ್ಷಪೂರ್ತಿ ಬಾಲ್ಕನಿ ಗುಡಿಸುತ್ತೇವೆ.

ಅಮ್ಮನ ಕೊಟ್ಟೆಗೆ ಒಂದು ನಿಯಮವಿತ್ತು. ನಾಲ್ಕೂ ಎಲೆ ಒಂದೇ ಹಾಗೆ. ಮಿರುಗುವ ಬದಿ ಒಳಗೆ, ತುದಿ ನಡುವಿಗೆ, ತೊಟ್ಟು ಹೊರಗೆ. ಬೇರೆ ಮನೆಗಳಲ್ಲಿ ಹೇಗೋ ಗೊತ್ತಿಲ್ಲ. ನಮ್ಮಲ್ಲಿ ಇದು ಯಾರೂ ಬಾಯಿ ಬಿಟ್ಟು ಹೇಳಬೇಕಾಗದ ಮಾತು; ಚಿಕ್ಕವಳಿದ್ದಾಗಿನಿಂದ ಕೈಗೇ ಗೊತ್ತಿತ್ತು.

ಈಗ ನನ್ನ ಕೆಲಸದ ವಿಷಯ. ನಾನು ಕಲ್ಯಾಣದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮಗಳು ಕಾಲೇಜು ಸೇರುವ ವಯಸ್ಸಿಗೆ ಬಂದಾಗ ನಾನು ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಹೆಸರು ನೋಂದಾಯಿಸಿದೆ. ಡಿಎನ್‌ಎ ಎಂದರೆ ಎಲ್ಲರಿಗೂ ಕಣ್ಣಮುಂದೆ ಬರುವುದು ಎರಡು ಎಳೆ ಹೊಸೆದುಕೊಂಡ ಏಣಿ. ಆದರೆ ಗ್ವಾನಿನ್ ಎಂಬ ಚಪ್ಪಟೆ ಅಣು ಒತ್ತೊತ್ತಾಗಿ ಬರುವ ಕಡೆಗಳಲ್ಲಿ ಎಳೆ ತನ್ನ ಮೇಲೆ ತಾನೇ ಮಡಿಚಿಕೊಂಡು, ನಾಲ್ಕು ಎಳೆಗಳು ಅಕ್ಕಪಕ್ಕ ನಿಂತ ಕಂಬದಂತಾಗಬಲ್ಲದು. ಆ ಕಂಬದ ಒಂದೊಂದು ಅಂತಸ್ತಿನಲ್ಲಿ ನಾಲ್ಕು ಗ್ವಾನಿನ್‌ಗಳು ಚೌಕವಾಗಿ ಕೂತು, ಒಂದು ಮುಂದಿನದರ ಕೈ ಹಿಡಿದು, ಅದು ಅದರ ಮುಂದಿನದರ ಕೈ ಹಿಡಿದು, ಸುತ್ತು ಪೂರೈಸುತ್ತವೆ. ಚೌಕದ ಮೇಲೆ ಚೌಕ, ಪ್ರತಿಯೊಂದೂ ಸ್ವಲ್ಪ ತಿರುಗಿ. ಎರಡು ಚೌಕಗಳ ನಡುವೆ ಒಂದು ಪೊಟ್ಯಾಸಿಯಂ ಅಯಾನು ಕೂತು ಎಲ್ಲವನ್ನೂ ಹಿಡಿದಿಡುತ್ತದೆ. ನಮ್ಮ ಪಾಲಿಗೆ ಬಂದದ್ದು ಅಂಥ ಒಂದು ತುಣುಕು. ಅದು ಹೇಗೆ ಮಡಿಚಿಕೊಂಡಿದೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ, ಅದು ನೀರಿನಲ್ಲಿ ತಾನಾಗಿ ನಿಲ್ಲುತ್ತದೆ ಎಂದು ತೋರಿಸುವುದು ನನ್ನ ಪ್ರಬಂಧದ ಮುಖ್ಯ ಅಧ್ಯಾಯ.

ಇದನ್ನು ಅಮ್ಮನಿಗೆ ವಿವರಿಸಿದ ದಿನವೇ ಕೊಟ್ಟೆ ಒಳಗೆ ಬಂತು. "ಅಂದ್ರೆ ಕೊಟ್ಟೆಯ ಹಾಗೆ," ಅಂದದ್ದು ನಾನೆಂದು ನನ್ನ ನೆನಪು. ತಾನೆಂದು ಅಮ್ಮನ ನೆನಪು. ನಾನು ಹುಡುಗಿಯಾಗಿದ್ದಾಗಿನಿಂದ ಡೈರಿ ಬರೆಯುವವಳು, ತೆಗೆದು ನೋಡಿದೆ. ಆ ದಿನ ಬರೆದದ್ದು ಲೋಕಲ್ ತಡವಾದದ್ದರ ಬಗ್ಗೆ ಮಾತ್ರ. ಡೈರಿ ಬರೆಯುವವರ ಪಾಡು ಇದು. ಯಾವುದು ಮುಖ್ಯವೆಂದು ಆ ದಿನ ಗೊತ್ತಿರುವುದಿಲ್ಲ. ಯಾರೇ ಹೇಳಿರಲಿ, ಹೋಲಿಕೆ ಎಷ್ಟು ಸರಿಯಾಗಿ ಕೂತಿತೆಂದರೆ ಮುಂದೆ ಮನೆಯಲ್ಲಿ ನನ್ನ ಕೆಲಸಕ್ಕೆ ಬೇರೆ ಹೆಸರೇ ಇರಲಿಲ್ಲ. ಶನಿವಾರ ನಾನು ಚಪ್ಪಲಿ ಮೆಟ್ಟುತ್ತಿದ್ದರೆ ಅಮ್ಮ ಒಳಗಿನಿಂದ ಕೇಳುತ್ತಿದ್ದಳು, "ಇವತ್ತು ಕೊಟ್ಟೆ ಕಟ್ಲಿಕ್ಕೆ ವಾಶಿಗಾ?"

ಶನಿವಾರಗಳಂದು ಡೊಂಬಿವ್ಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ವಾಶಿ, ಅಲ್ಲಿಂದ ಆಟೋ. ನನ್ನ ಗೈಡ್ ಧಾರವಾಡದ ಕಡೆಯ ಹೆಂಗಸು, ನಿವೃತ್ತಿಗೆ ಹತ್ತಿರವಾದವರು. ಇಬ್ಬರೂ ಕನ್ನಡದವರು ಎಂದು ಗೊತ್ತಾದ ದಿನದಿಂದ ಬೈಗುಳವೆಲ್ಲ ಕನ್ನಡದಲ್ಲೇ ಆಗುತ್ತಿತ್ತು. ಹೊಗಳಿಕೆ ಇದ್ದರೆ ಇಂಗ್ಲಿಷಿನಲ್ಲಿ.

ಮಾದರಿ ಕಟ್ಟುವುದರಲ್ಲಿ ಒಂದು ಪದ್ಧತಿಯಿದೆ. ಮೊದಲಿಗೆ ಅಣುಗಳು ಚೆದುರದ ಹಾಗೆ, ಇದು ಇದರಿಂದ ಇಷ್ಟೇ ದೂರ ಇರಬೇಕು ಎಂದು ಕಂಪ್ಯೂಟರಿಗೆ ಹೇಳಿ ಕಟ್ಟಿಹಾಕುತ್ತೇವೆ. ಸುತ್ತ ನೀರು ತುಂಬಿ, ಬಿಸಿ ಕೊಟ್ಟು, ಎಲ್ಲ ತಹಬಂದಿಗೆ ಬಂದ ಮೇಲೆ ಆ ಕಟ್ಟುಗಳನ್ನು ಸಡಿಲಿಸುತ್ತ ಹೋಗಿ ಕೊನೆಗೆ ಪೂರ್ತಿ ಬಿಡುತ್ತೇವೆ. ರಚನೆ ಸರಿಯಾಗಿದ್ದರೆ ಆಮೇಲೂ ನಿಲ್ಲುತ್ತದೆ. ಈ ಕಟ್ಟುಗಳಿಗೆ ಮನೆಯಲ್ಲಿ ನಾವು ಕಡ್ಡಿ ಅನ್ನುತ್ತಿದ್ದೆವು. ಒಮ್ಮೆ ಬಾಯಿತಪ್ಪಿ ಗೈಡ್ ಎದುರಿಗೂ ಅಂದೆ. ಅವರಿಗೆ ಆ ಮಾತು ಹಿಡಿಸಿಬಿಟ್ಟಿತು.

ನನ್ನ ಮಾದರಿ ಕಡ್ಡಿ ಇರುವ ತನಕ ನೋಡಲು ಬಲು ಸುಂದರವಾಗಿತ್ತು. ನಾಲ್ಕು ಎಳೆಗಳೂ ಒಂದೇ ದಿಕ್ಕಿಗೆ, ಕೆಳಗಿನಿಂದ ಮೇಲಕ್ಕೆ. ಮಡಿಕೆಗಳೆಲ್ಲ ಕಂಬದ ಬದಿಯಿಂದ ಇಳಿದು ಬರುತ್ತಿದ್ದವು. ಮೇಲಿನಿಂದ ನೋಡಿದರೆ ರಂಗೋಲಿ. ಕಡ್ಡಿ ತೆಗೆದರೆ ಒಂದು ಬದಿಯ ಉದ್ದದ ಮಡಿಕೆ ತಲೆಕೆಟ್ಟ ಹಾಗೆ ಬೀಸತೊಡಗುತ್ತಿತ್ತು. ಕಡೆಯ ಅಂತಸ್ತಿನ ಒಂದು ಗ್ವಾನಿನ್ ಅನ್ನು ಅದು ಎಳೆದು ಹೊರಗೆ ಹಾಕುತ್ತಿತ್ತು. ಚೌಕ ಬಿಚ್ಚಿಕೊಂಡ ಕೂಡಲೇ ಪೊಟ್ಯಾಸಿಯಂ ಜಾರಿ ಹೋಗುತ್ತಿತ್ತು. ನಾನು ಮತ್ತೆ ಕಟ್ಟುತ್ತಿದ್ದೆ, ಮಡಿಕೆಯನ್ನು ಬೇರೆ ರೀತಿ ಬಾಗಿಸುತ್ತಿದ್ದೆ, ಕಡ್ಡಿಗಳನ್ನು ಇನ್ನೂ ನಿಧಾನವಾಗಿ ತೆಗೆಯುತ್ತಿದ್ದೆ. ಮತ್ತೆ ಅದೇ. ಕೊನೆಕೊನೆಗೆ ಒಂದೆರಡು ಕಡ್ಡಿ ಹಾಗೇ ಬಿಟ್ಟು ಚಿತ್ರ ತೆಗೆದು ಗೈಡಿಗೆ ತೋರಿಸುತ್ತಿದ್ದೆ, ಬಿಟ್ಟಿದ್ದೇನೆಂದು ಕೆಳಗೆ ಬರೆದು.

"ಏನವಾ, ಮತ್ತ ಕಡ್ಡಿ ಹಚಗೊಂಡ ಬಂದೀಯಲ್ಲ," ಅಂದರು ಅವರು.

"ಒಂದೇ ಬದಿಗೆ ಮೇಡಂ. ಉಳಿದದ್ದೆಲ್ಲ ತಾನಾಗಿ ನಿಂತಿದೆ."

"ಕುಂಟಗೋಲು ಹಿಡದ ನಿಂತವರೂ ನಿಂತಾವರನ. ಆದರ ಓಡ್ತಾರಂತ ಬರಿಯಾಂಗಿಲ್ಲ. ಮತ್ತ ಈ ಎರಡನೇ ಗುಬ್ಬಿಗೆ ಏನ ಹೇಳ್ತಿ?"

ಎರಡನೇ ಗುಬ್ಬಿ ಅಂದರೆ ಇದು. ನಮ್ಮ ತುಣುಕನ್ನು ಬೇರೊಂದು ಪ್ರಯೋಗಾಲಯದವರು ನೀರಿನಲ್ಲಿ ಕರಗಿಸಿ, ಸುರುಳಿಯಾಗಿ ತಿರುಗುವ ಬೆಳಕನ್ನು ಅದರ ಮೂಲಕ ಹಾಯಿಸಿ, ಒಂದು ಗೆರೆ ಎಳೆದು ಕಳಿಸಿದ್ದರು. ನಾಲ್ಕು ಎಳೆಗಳೂ ಒಂದೇ ದಿಕ್ಕಿಗಿದ್ದರೆ ಆ ಗೆರೆಯಲ್ಲಿ ಸಾಮಾನ್ಯವಾಗಿ ಒಂದು ಉಬ್ಬು ಕಾಣಬೇಕು. ನಮ್ಮದರಲ್ಲಿ ಅದರ ಪಕ್ಕಕ್ಕೇ ಇನ್ನೊಂದು ಸಣ್ಣ ಉಬ್ಬು, ಗೈಡ್ ಭಾಷೆಯಲ್ಲಿ ಗುಬ್ಬಿ, ಎದ್ದಿತ್ತು. ಸ್ಯಾಂಪಲ್ ಶುದ್ಧವಾಗಿರಲಿಕ್ಕಿಲ್ಲ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಅದನ್ನೇ ಹೇಳಿದೆ.

"ಅವರು ಸ್ಯಾಂಪಲ್ ಎರಡನೇ ಸಲ ತೊಳದ ಕಳಿಸ್ಯಾರ. ಗುಬ್ಬಿ ಹೋಗಿಲ್ಲ. ಇನ್ನ ನೀನ ತಲಿ ತೊಳಕೊಂಡ ಬಾ." ಆಮೇಲೆ ದನಿ ತಗ್ಗಿಸಿ, "ದೀಪಾವಳಿ ರಜಾ ಮುಗದ ಮ್ಯಾಲೆ ಸೆಮಿನಾರ್. ಅವಧಿ ವಿಸ್ತರಣೆ ಇನ್ನ ಸಿಗಾಂಗಿಲ್ಲ, ಗೊತ್ತದ ಅಲ್ಲ? ಮಾರ್ಚಿಗೆ ನಾನೂ ಮನಿಗೆ. ಅಷ್ಟರೊಳಗ ಇದು ಕಡ್ಡಿ ಇಲ್ಲದ ನಿಲ್ಲಬೇಕು. ಇಲ್ಲಾಂದ್ರ ಇಲ್ಲ."

ಇಲ್ಲ ಅಂದರೆ ನೋಂದಣಿ ರದ್ದು. ಮನೆಗೆ ಬಂದು ಹೇಳಿದಾಗ ಅಮ್ಮ ಒಂದು ಉಪಾಯ ಸೂಚಿಸಿದಳು. "ಅಷ್ಟಮಿ ಬಂತಲ್ಲ. ಅವರಿಗೊಂದು ಡಬ್ಬಿ ಕಡುಬು ಕೊಂಡುಹೋಗು. ಧಾರವಾಡದವರಿಗೆ ಇದೆಲ್ಲ ಎಲ್ಲಿ ಸಿಗ್ತದೆ, ಪಾಪ."

ಮಗಳು ಮೊಬೈಲಿನಿಂದ ಕಣ್ಣೆತ್ತದೆ ಅಂದಳು, "ಅಜ್ಜಿ, ಇಸ್ಕೋ ರಿಶ್ವತ್ ಬೋಲ್ತೇ ಹೈ." ಇದಕ್ಕೆ ಲಂಚ ಅನ್ನುತ್ತಾರೆ ಎಂದು. ಅವಳಿಗೆ ಕನ್ನಡವೂ ತುಳುವೂ ಅರ್ಥವಾಗುತ್ತವೆ. ಉತ್ತರ ಮಾತ್ರ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ.

"ಲಂಚ ಅಲ್ಲ ಮಾರಾಯ್ತಿ, ಪ್ರಸಾದ," ಅಂದಳು ಅಮ್ಮ.

ಆ ವರ್ಷ ಎಲೆ ಚೆನ್ನಾಗಿರಲಿಲ್ಲ. ಕಲ್ಯಾಣ ಸ್ಟೇಷನ್ ಹೊರಗಿನ ತರಕಾರಿಯವಳ ಹತ್ತಿರ ಕೊಂಡಿದ್ದೆ. ಕಟ್ಟಿನ ಮೇಲ್ಗಡೆ ದೊಡ್ಡ ಎಲೆ, ಒಳಗೆ ಬರೀ ಕಿರುಬೆರಳಿನಂಥವು. ಮಧ್ಯಾಹ್ನ ಊಟವಾದ ಮೇಲೆ ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಮೂವರೂ ಕಟ್ಟಲು ಕೂತೆವು. ಮಗಳು ಕಟ್ಟಿದ ಕೊಟ್ಟೆಯನ್ನು ಅಮ್ಮ ಎತ್ತಿ ಬೆಳಕಿಗೆ ಹಿಡಿದಳು. ಒಂದು ಎಲೆ ಮಗುಚಿತ್ತು. ಮಿರುಗುವ ಬದಿ ಹೊರಗೆ, ತೊಟ್ಟು ನಡುವಿಗೆ. ಅಮ್ಮ ಕಡ್ಡಿ ಎಳೆದು ಬಿಚ್ಚತೊಡಗಿದಳು.

"ಕ್ಯಾ ಫರಕ್ ಪಡ್ತಾ ಹೈ?" ಅಂದಳು ಮಗಳು. ಏನು ವ್ಯತ್ಯಾಸವಾಗುತ್ತದೆ ಎಂದು. "ಪೇಟ್ ಮೇ ಜಾಕೇ ಸಬ್ ಸೇಮ್."

"ಹೊಟ್ಟೆಗೆ ಹೋಗ್ಲಿಕ್ಕೆ ಮೊದಲು ಹಿಟ್ಟು ನಿಲ್ಲಬೇಡವಾ? ಒಂದು ಉಲ್ಟಾ ಇಟ್ರೆ ಉಳಿದ ಮೂರೂ ಅದರೊಟ್ಟಿಗೆ ಕೂತ್ಕೊಳ್ಳುದಿಲ್ಲ. ಸೋರ್ತದೆ."

"ಹಾಗೆ ಇಟ್ಟರೆ ನಿಲ್ಲುವುದಿಲ್ಲ ಪುಟ್ಟಾ," ಅಂದೆ ನಾನೂ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು. ಸ್ಟಾಫ್ ರೂಮಿನ ಕಥೆಯ ಪ್ರಕಾರ ನನಗೆ ಹೊಳೆದದ್ದು ಈ ಗಳಿಗೆಯಲ್ಲಿ. ಮಗುಚಿದ ಎಲೆ ಕಂಡೊಡನೆ ನಾನು ಎದ್ದು ಕಂಪ್ಯೂಟರಿನ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಹಾಗೆ ನಿಲ್ಲುವುದಿಲ್ಲ ಎಂದು ಮಗಳಿಗೆ ಪಾಠ ಹೇಳಿ ಇನ್ನೊಂದು ಕೊಟ್ಟೆ ಕೈಗೆತ್ತಿಕೊಂಡೆ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: ಎಲೆ ಕೆಟ್ಟದಿತ್ತು, ಕಡುಬು ಚೆನ್ನಾಗಿ ಬಂತು. ಮಗುಚಿದ ಎಲೆಯ ಮಾತೇ ಇಲ್ಲ. ಮುಂದೆ ನಡೆದದ್ದು ನಡೆಯದೆ ಹೋಗಿದ್ದರೆ ಅದು ನನಗೆ ನೆನಪೂ ಇರುತ್ತಿರಲಿಲ್ಲ.

ಆ ಶನಿವಾರ ಡಬ್ಬಿ ತೆಗೆದುಕೊಂಡು ಹೋದೆ. ಗೈಡ್ ಕಡುಬು ತಿಂದರು, ಚಟ್ನಿ ಖಾರ ಸಾಲದು ಅಂದರು, ಕೈ ತೊಳೆದು ಬಂದು ಕೂತು ನನ್ನ ಮಾದರಿಯನ್ನು ಪರದೆಯ ಮೇಲೆ ಒಂದಷ್ಟು ಹೊತ್ತು ಆ ಕಡೆ ಈ ಕಡೆ ತಿರುಗಿಸಿದರು.

"ನಾಕೂ ಎಳಿ ಒಂದ ದಿಕ್ಕಿಗೆ ಇಟ್ಟೀಯಲ್ಲ. ಯಾಕ?"

"ಅದು... ಸಾಮಾನ್ಯವಾಗಿ ಹಾಗೇ ಅಲ್ಲವಾ ಮೇಡಂ?"

"ಕೆಲವು ಹಂಗ. ಕೆಲವು ಹಂಗಲ್ಲ. ಇದು ಹಂಗ ಅಂತ ನಿನಗ ಯಾರ ಹೇಳ್ಯಾರ?"

"ನೋಡಿ ಹೇಳುತ್ತೇನೆ," ಅಂದೆ. ಯಾವುದೋ ಪೇಪರ್ ಓದಿ, ಯಾವುದೋ ಕಾರಣಕ್ಕೆ ಹಾಗೆ ಆರಿಸಿಕೊಂಡಿರಬೇಕು. ಹುಡುಕಿದರೆ ಸಿಗುತ್ತದೆ ಎಂದು ನನಗೆ ಸಂಶಯವಿರಲಿಲ್ಲ.

ವಾಪಸಾಗುವಾಗ ವಾಶಿಯಲ್ಲಿ ಹತ್ತಿದ ಲೇಡೀಸ್ ಡಬ್ಬಿಯಲ್ಲಿ ನನಗೆ ಸಿಕ್ಕಿದ್ದು ಚೌಥಿ ಸೀಟ್. ಮೂವರ ಬೆಂಚಿನಲ್ಲಿ ಮೂವರೂ ಎದುರಿಗೆ ಮುಖ ಮಾಡಿ ಕೂತಿರುತ್ತಾರೆ; ನಾಲ್ಕನೆಯವಳು ಅಂಚಿನಲ್ಲಿ ಅರ್ಧ ಕೂತು ಕಾಲನ್ನು ಓಡಾಡುವ ದಾರಿಗೆ ಚಾಚಿ ಅಡ್ಡ ತಿರುಗಿರುತ್ತಾಳೆ. ಅಚ್ಚುಕಟ್ಟಾದ ಬರಹ ಬೇಕೆನ್ನುವವರು ಇಲ್ಲಿಯೂ ಒಂದು ಸಾಕ್ಷಾತ್ಕಾರ ಇಡಬಹುದು. ನನಗೆ ಏನೂ ಹೊಳೆಯಲಿಲ್ಲ. ಠಾಣೆ ತನಕ ಸೊಂಟ ನೋಯಿತು, ಅಷ್ಟೇ.

ಹೊಳೆದದ್ದು ಯಾವ ಗಳಿಗೆಯಲ್ಲೂ ಅಲ್ಲ. ಹುಡುಕುತ್ತ ಹುಡುಕುತ್ತ ನಿಧಾನವಾಗಿ ಹೆದರಿಕೆಯಾದದ್ದು. ಮೊದಲು ಟಿಪ್ಪಣಿ ಹಾಕಿಟ್ಟ ಪೇಪರುಗಳನ್ನು ನೋಡಿದೆ. ನಮ್ಮ ತುಣುಕಿನಂಥವು ಎರಡೂ ರೀತಿ ಮಡಿಚಿಕೊಂಡ ಉದಾಹರಣೆಗಳು ಅಲ್ಲೇ ಇದ್ದವು. ನಾನೇ ಹಳದಿ ಬಣ್ಣ ಬಳಿದಿದ್ದೆ. ಗೈಡಿಗೆ ಕಳಿಸಿದ ಹಳೆಯ ಮೇಲ್‌ಗಳನ್ನು ನೋಡಿದೆ. ನಾಲ್ಕೂ ಒಂದೇ ದಿಕ್ಕಿಗೆ ಎಂಬ ಮಾತು ಮೊದಲ ಮೇಲ್‌ನಲ್ಲೇ ಇತ್ತು, ಕಾರಣವಿಲ್ಲದೆ, ಎಲ್ಲರಿಗೂ ಗೊತ್ತಿರುವ ಸಂಗತಿಯ ಹಾಗೆ. ಡೈರಿಗಳನ್ನು ನೋಡಿದೆ. ಹಾಗೆ ತೀರ್ಮಾನಿಸಿದ ದಿನ ಯಾವುದೂ ಸಿಗಲಿಲ್ಲ.

ನೆನಪಿನ ಮೇಲೆ ನನಗೆ ಎಂದೂ ಭರವಸೆಯಿಲ್ಲ. ಮರೆತದ್ದು ಎಲ್ಲೋ ಬರೆದಿರುತ್ತದೆ ಎಂಬ ಧೈರ್ಯದಲ್ಲಿ ಬದುಕುವವಳು ನಾನು. ಆದರೆ ಇದು ಮರೆತದ್ದಲ್ಲ. ನಾನು ಆ ತೀರ್ಮಾನವನ್ನು ಮಾಡಿಯೇ ಇರಲಿಲ್ಲ. ಕಂಪ್ಯೂಟರಿನ ಎದುರು ಕೂತ ಮೊದಲ ದಿನ ನಾಲ್ಕು ಎಳೆಗಳ ಬದಲು ಕೊಟ್ಟೆಯ ನಾಲ್ಕು ಎಲೆಗಳನ್ನು ತುದಿ ನಡುವಿಗೆ, ತೊಟ್ಟು ಹೊರಗೆ, ಒಂದೇ ಹಾಗೆ ಇಟ್ಟಿದ್ದೆ. ಹಾಗೆ ಇಟ್ಟದ್ದು ಕೈ. ಆಮೇಲೆ ಎರಡು ವರ್ಷ ಮಡಿಕೆಯನ್ನು ದೂರಿದೆ, ಪ್ರೋಗ್ರಾಮನ್ನು ದೂರಿದೆ, ಇನ್ನೊಬ್ಬರು ತೊಳೆದ ಸ್ಯಾಂಪಲನ್ನು ದೂರಿದೆ. ಗೆರೆಯ ಮೇಲಿನ ಆ ಗುಬ್ಬಿ ಅಷ್ಟೂ ದಿನ ಇದ್ದ ಜಾಗದಲ್ಲೇ ಇತ್ತು.

ಮುಂದಿನ ಶನಿವಾರ ಗೈಡಿಗೆ ಹೇಳಿದೆ, "ಯಾರೂ ಹೇಳಿಲ್ಲ ಮೇಡಂ. ಕಾರಣ ಇಲ್ಲ."

ಅವರು ಬೈಯುತ್ತಾರೆಂದು ಕಾದೆ. "ಚಲೋ ಆತು," ಅಂದರು. "ಕಾರಣ ಇದ್ದಿದ್ರ ಅದನ್ನ ಬಿಡಸೋದು ಕಷ್ಟ ಆಗತಿತ್ತು. ಹೋಗು, ಒಂದ ಎಳಿ ತಿರುಗಿಸಿ ಕಟ್ಟು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದು ಎಳೆಯನ್ನು ಉಳಿದ ಮೂರಕ್ಕೆ ಎದುರು ದಿಕ್ಕಿಗೆ ಇಟ್ಟರೆ ಅದರ ಗ್ವಾನಿನ್‌ಗಳ ಕೈ ಪಕ್ಕದವುಗಳಿಗೆ ಸಿಗುವುದಿಲ್ಲ. ಅವನ್ನು ತಮ್ಮ ಸಕ್ಕರೆಯ ಕೊಂಡಿಯ ಮೇಲೆ ಮಗುಚಬೇಕು. ಒಂದು ಅಂತಸ್ತಿನಲ್ಲಿ ಈ ಲೆಕ್ಕ ಹಿಂದುಮುಂದಾಗುತ್ತದೆ. ಅಲ್ಲಿ ಮಗುಚಬೇಕಾದದ್ದು ಉಳಿದ ಮೂರನ್ನು. ಎಳೆಗಳ ನಡುವಿನ ಸಂದುಗಳು ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು. ತಿರುಗಿಸಬೇಕಾದ ಎಳೆ ಯಾವುದು ಎಂಬುದೂ ಗೊತ್ತಿರಲಿಲ್ಲ. ಒಂದೊಂದನ್ನೂ ತಿರುಗಿಸಿ ಕಟ್ಟಿ ನೋಡಬೇಕಿತ್ತು.

ಕಟ್ಟಿದೆ. ಬೆಳಗ್ಗೆ ಕಾಲೇಜಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ಪ್ರಾಕ್ಟಿಕಲ್ ಪರೀಕ್ಷೆಗಳ ನಡುವೆ ಸ್ಟಾಫ್ ರೂಮಿನ ಮೂಲೆಯಲ್ಲಿ. ದೀಪಾವಳಿಗೆ ಊರಿಗೆ ಹೋಗುವ ಟಿಕೆಟ್ ರದ್ದು ಮಾಡಿಸಿದೆ. ಅಮ್ಮ ಎರಡು ದಿನ ಮುನಿಸಿಕೊಂಡಳು. ಮೂರನೆಯ ದಿನ ಚಹಾ ತಂದಿಟ್ಟು ಪರದೆಯನ್ನೊಮ್ಮೆ ಬಗ್ಗಿ ನೋಡಿದಳು.

"ಇದೆಂತದು, ಹೀಗೆ ಸೊಟ್ಟ? ಮೊದಲಿನದ್ದೇ ಚಂದ ಇತ್ತಲ್ಲ."

"ಅದು ನಿಲ್ಲಲಿಲ್ಲಮ್ಮ."

"ಇದು ನಿಲ್ತದಾ?"

"ಗೊತ್ತಿಲ್ಲ."

ನಿಜ ಹೇಳಬೇಕೆಂದರೆ ನನ್ನ ಕಣ್ಣಿಗೂ ಅದು ಹಿಡಿಸಿರಲಿಲ್ಲ. ಕೈ ಪ್ರತಿ ಸಲವೂ ತಿದ್ದಲು ಹೋಗುತ್ತಿತ್ತು. ತಿರುಗಿಸಿದ ಎಳೆ ಯಾರೋ ಅವಸರದಲ್ಲಿ ಕಟ್ಟಿದ್ದರ ಹಾಗೆ ಕಾಣುತ್ತಿತ್ತು. ಆದ್ದರಿಂದಲೇ ಒಂದು ನಿಯಮ ಹಾಕಿಕೊಂಡೆ: ಚಂದ ಎಂಬ ಮಾತು ಈ ಕೋಣೆಯೊಳಗೆ ಬರಬಾರದು. ಕಡ್ಡಿ ತೆಗೆದ ಮೇಲೆ ನಿಲ್ಲುತ್ತದೋ ಇಲ್ಲವೋ, ಗೆರೆಯ ಎರಡನೇ ಗುಬ್ಬಿಗೆ ಉತ್ತರ ಕೊಡುತ್ತದೋ ಇಲ್ಲವೋ, ಇವೆರಡೇ ಪ್ರಶ್ನೆ.

ಮೊದಲು ತಿರುಗಿಸಿದ ಎಳೆ ಬಿಚ್ಚಿಹೋಯಿತು. ಅದಾದ ಮೇಲಿನದು ಇನ್ನೂ ಬೇಗ ಬಿಚ್ಚಿಹೋಯಿತು. ಕರೆಂಟ್ ಹೋಗಿ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಲೆಕ್ಕವೊಂದು ಅರ್ಧಕ್ಕೆ ನಿಂತಿತು; ಮೊದಲಿನಿಂದ ಶುರು ಮಾಡಿದೆ. ಮಗಳು ಗೆಳತಿಯ ಮನೆಯಿಂದ ದೊಡ್ಡ ಯುಪಿಎಸ್ ಒಂದನ್ನು ಆಟೋದಲ್ಲಿ ಹೇರಿಕೊಂಡು ಬಂದಳು. "ತುಝೀ ಡಿಗ್ರೀ ಮಿಳಾಲೀ ಕೀ ಪರತ್ ದ್ಯಾಯಚಾ ಆಹೇ," ಅಂದಳು. ನಿನ್ನ ಡಿಗ್ರಿ ಸಿಕ್ಕ ಮೇಲೆ ಹಿಂದಿರುಗಿಸಬೇಕು ಎಂದು. ಸಿಟ್ಟಿಲ್ಲದೆ ಅವಳು ಮರಾಠಿ ಆಡಿದ್ದನ್ನು ನಾನು ಕೇಳಿದ್ದು ಅಪರೂಪ.

ಉದ್ದದ ಮಡಿಕೆಯ ಪಕ್ಕದ ಎಳೆಯನ್ನು ತಿರುಗಿಸಿದಾಗ ಆ ಮಡಿಕೆಗೆ ಕಂಬದ ಬದಿಯಿಂದ ಇಳಿದು ಬರುವ ಅಗತ್ಯವೇ ಉಳಿಯಲಿಲ್ಲ. ಅದು ಕಡೆಯ ಚೌಕದ ಅಂಚಿನ ಮೇಲಿಂದ ಅಡ್ಡ ಹಾಯ್ದು, ಅಲ್ಲೇ ಮುಚ್ಚಳದ ಹಾಗೆ ಕೂತಿತು. ಕಡ್ಡಿಗಳನ್ನು ಒಂದೊಂದಾಗಿ ಸಡಿಲಿಸಿದೆ. ಕಡೆಯದನ್ನು ತೆಗೆದು ಕಾಲೇಜಿಗೆ ಹೋದೆ, ಪಾಠ ಮಾಡಿದೆ, ಏನು ಪಾಠ ಮಾಡಿದೆನೋ ಗೊತ್ತಿಲ್ಲ, ವಿದ್ಯಾರ್ಥಿಗಳನ್ನು ಕೇಳಬೇಕು. ಸಂಜೆ ಬಂದು ನೋಡಿದಾಗ ಚೌಕಗಳು ಸ್ವಲ್ಪ ಉಸಿರಾಡಿದ ಹಾಗೆ ಅಲುಗುತ್ತಿದ್ದವು, ಬಿಚ್ಚಿರಲಿಲ್ಲ. ಪೊಟ್ಯಾಸಿಯಂ ಇದ್ದಲ್ಲೇ ಇತ್ತು. ಮರುದಿನವೂ ಇತ್ತು. ವಾರದ ಕೊನೆಗೂ ಇತ್ತು. ಹಾಗೆಂದು ನಂಬಲಿಲ್ಲ. ಅಣುಗಳಿಗೆ ಬೇರೆ ವೇಗ ಕೊಟ್ಟು ಮತ್ತೆ ಓಡಿಸಿದೆ, ಇನ್ನೂ ಒಮ್ಮೆ ಓಡಿಸಿದೆ. ನಿಂತಿತು. ಇಂಥ ಮಡಿಕೆಗೆ ಬೆಳಕಿನ ಗೆರೆ ಹೇಗಿರುತ್ತದೆಂದು ಹಿಂದಿನವರು ಅಳೆದದ್ದರ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡಿದೆ. ಎರಡನೇ ಗುಬ್ಬಿ ಅಲ್ಲಿಯೂ ಇತ್ತು.

ಸೆಮಿನಾರಿನ ದಿನ ಕಡ್ಡಿಯಿಲ್ಲದ ಮಾದರಿಯನ್ನು ಪರದೆಯ ಮೇಲೆ ಓಡಲು ಬಿಟ್ಟು ಪಕ್ಕದಲ್ಲಿ ನಿಂತೆ. ಸಮಿತಿಯವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದೆ. ಕೆಲವು ಗೊತ್ತಿಲ್ಲ ಎಂದೆ. ಪ್ರಬಂಧ ಬರೆಯಲು ಅನುಮತಿ ಸಿಕ್ಕಿತು. ಗೈಡ್ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರು, ಅಂದರೆ ಹೊಗಳಿದರು.

ಕಥೆ ಹುಟ್ಟಿದ್ದು ಆಮೇಲೆ, ಚಹಾದ ಹೊತ್ತಿಗೆ. ಒಂದು ಎಳೆ ತಿರುಗಿಸುವ ಯೋಚನೆ ಎಲ್ಲಿಂದ ಬಂತು ಎಂದು ಸಮಿತಿಯವರೊಬ್ಬರು ಕೇಳಿದರು. ನಾನು ಹಗುರಾಗಿದ್ದೆ. ನಮ್ಮ ಮನೆಯಲ್ಲಿ ನಾಲ್ಕು ಎಲೆಯ ಬಟ್ಟಲು ಕಟ್ಟುತ್ತೇವೆ ಎಂದು ಶುರು ಮಾಡಿದೆ. ಅಷ್ಟರಲ್ಲಿ ಯಾರೋ ಸಮೋಸಾ ತಟ್ಟೆ ಹಿಡಿದು ಬಂದರು, ಮಾತು ಅಲ್ಲಿಗೇ ತುಂಡಾಯಿತು. ಉಳಿದರ್ಧವನ್ನು ಕೇಳಿದವರು ತಮಗೆ ತೋಚಿದ ಹಾಗೆ ಪೂರ್ತಿ ಮಾಡಿಕೊಂಡರು. ಅದು ನವಿ ಮುಂಬಯಿಯಿಂದ ನನಗಿಂತ ಮೊದಲೇ ಕಲ್ಯಾಣ ಮುಟ್ಟಿ, ಅಲ್ಲಿಂದ ಡೊಂಬಿವ್ಲಿಗೆ, ನಮ್ಮ ಕಟ್ಟಡಕ್ಕೂ ಬಂತು. ಅಮ್ಮ ಈಗ ಕೆಳಗಿನ ಮನೆಯವರಿಗೆ ಹೇಳುತ್ತಾಳೆ, "ನಾನೇ ಹೇಳಿದ್ದಲ್ಲವಾ ಇವಳಿಗೆ, ಒಂದು ಎಲೆ ಉಲ್ಟಾ ಇಟ್ಟು ನೋಡು ಅಂತ."

"ಝೂಟ್, ಅಜ್ಜಿ," ಎನ್ನುತ್ತಾಳೆ ಮಗಳು. "ಉಲ್ಟಾ ರಖಾ ಮೈನೇ. ಖೋಲಾ ತುಮ್ನೇ." ಉಲ್ಟಾ ಇಟ್ಟವಳು ನಾನು, ಬಿಚ್ಚಿದವಳು ನೀನು ಎಂದು.

ಅಮ್ಮ ಸುಳ್ಳು ಹೇಳುತ್ತಿಲ್ಲ. ಅವಳಿಗೆ ಹಾಗೇ ನೆನಪಿದೆ. ನನ್ನನ್ನು ಹೆದರಿಸಿದ್ದು ಅದೇ.

ಪ್ರಬಂಧದ ಆ ಅಧ್ಯಾಯ ಬರೆಯುವಾಗ, ಮೊದಲ ಮಾದರಿಯನ್ನು ಹಾಗೆ ಏಕೆ ಕಟ್ಟಿದೆವು ಎಂದು ಹೇಳಬೇಕಾದ ಜಾಗ ಬಂತು. ಗೌರವವಾದ ಕಾರಣಗಳು ಬೇಕಾದಷ್ಟಿದ್ದವು. ಹಳದಿ ಬಳಿದ ಪೇಪರುಗಳಲ್ಲಿ ಯಾವುದನ್ನಾದರೂ ಉಲ್ಲೇಖಿಸಿದರೆ ಯಾರೂ ಕೇಳುತ್ತಿರಲಿಲ್ಲ. ಇನ್ನೊಂದಷ್ಟು ವರ್ಷ ಕಳೆದರೆ ಅದೇ ನಿಜವಾದ ಕಾರಣವೆಂದು ನನಗೂ ನೆನಪಿರುತ್ತಿತ್ತು. ನಾನು ಬರೆದದ್ದು: ಆರಂಭದ ಮಾದರಿಯಲ್ಲಿ ನಾಲ್ಕೂ ಎಳೆಗಳನ್ನು ಒಂದೇ ದಿಕ್ಕಿಗೆ ಇಡಲಾಗಿತ್ತು, ಈ ಆಯ್ಕೆಗೆ ಆಧಾರವಿರಲಿಲ್ಲ. ಗೈಡ್ ಅಧ್ಯಾಯದ ತುಂಬ ಕೆಂಪು ಗೆರೆ ಎಳೆದರು. ಈ ವಾಕ್ಯದ ಮೇಲೆ ಎಳೆಯಲಿಲ್ಲ.

ಅಮ್ಮ ಒಂದು ಸಂಜೆ ಆ ಪುಟ ಓದಿ ಹೇಳು ಅಂದಳು. ಕನ್ನಡದಲ್ಲಿ ಹೇಳಿದೆ. ಅವಳು ಆ ವಾಕ್ಯವನ್ನು ಬಾಯಿಯೊಳಗೇ ಒಮ್ಮೆ ಅಂದುಕೊಂಡಳು.

"ಆಧಾರ ಇಲ್ಲ ಅಂತ ಬರ್ದಿದ್ದೀಯಾ? ಎಲ್ಲಾ ಕೊಟ್ಟೆ ನೋಡಿಯೇ ಮಾಡಿದ್ದು ಅಂತ ನೀನೇ ಹೇಳ್ತಿ."

"ಹೌದು. ಕೊಟ್ಟೆಯನ್ನು ಆಧಾರ ಅಂತ ಬರೆಯಲಿಕ್ಕೆ ಆಗುವುದಿಲ್ಲಮ್ಮ."

"ಯಾಕೆ ಆಗುದಿಲ್ಲ? ಒಟ್ಟು ನಿಮ್ಮ ಆ ಕಂಪ್ಯೂಟರಿಗಿಂತ ನನ್ನ ಕೊಟ್ಟೆ ಗಟ್ಟಿ ಉಂಟು. ಒಂದಾದರೂ ಸೋರಿದ್ದು ಉಂಟಾ, ಹೇಳು?"

ಇಲ್ಲ ಅಂದೆ. ಅದು ನಿಜ. ವಾಕ್ಯವನ್ನು ಮಾತ್ರ ಬದಲಿಸಲಿಲ್ಲ.